ಗೊಬ್ಬರದಲ್ಲಿ ಪಾದರಸ

ಫೋನಿನಲ್ಲಿ ಹೇಳುವ ಮಾತಲ್ಲವೆಂದು ಹಿಮೆನೊ ತಾನೇ ಶೆಡ್ಡಿಗೆ ಬಂದ. ನಾನು ಲೋಡರ್ ಮೇಲೆ ಕೂತು ಗೊಬ್ಬರದ ರಾಶಿ ಮಗುಚುತ್ತಿದ್ದೆ. ಮಗುಚುವಾಗ ಏಳುವ ಹಬೆಯಲ್ಲಿ ಎದುರಿಗೆ ನಿಂತವರ ಮುಖ ಕಾಣುವುದಿಲ್ಲ. ಅವನ ಹಳದಿ ಹೆಲ್ಮೆಟ್ಟು ಮಾತ್ರ ಕಂಡಿತು. ಪಟ್ಟಣದ ಒಳಚರಂಡಿಗೆ ಅವನು ಎಂಜಿನಿಯರು, ನನಗೆ ಮೇಲಧಿಕಾರಿ, ವಯಸ್ಸಿನಲ್ಲಿ ನನ್ನ ಮಗನಿದ್ದ ಹಾಗೆ. ಎಂಜಿನ್ ನಿಲ್ಲಿಸಿ ಎಂದು ಕೈ ಮಾಡಿದ.

"ಚಿತೋಸೆ-ಸಾನ್, ಇವತ್ತಿಂದ ಒಂದು ಚೀಲಾನೂ ಆಚೆ ಕೊಡಬೇಡಿ."

"ಯಾಕೆ? ಈರುಳ್ಳಿ ನಾಟಿ ಮಾಡೋ ಹೊತ್ತು ಇದು. ಬೆಳಿಗ್ಗೆ ಗೇಟಿನ ಮುಂದೆ ಟ್ರಕ್ಕು ಸಾಲುಗಟ್ಟಿ ನಿಲ್ತವೆ. ಅವರ ಹತ್ರ ಬೈಸಿಕೊಳ್ಳೋಕೆ ನೀವು ಬರ್ತೀರಾ?"

"ಗೊಬ್ಬರದ ಪರೀಕ್ಷೆಯ ವರದಿ ಬಂತು. ಪಾದರಸ ಮಿತಿ ದಾಟಿದೆ. ಒಂದು ಸಲ ನಂಬದೆ ಎರಡು ಸಲ ಮಾಡಿಸಿದೆ."

ನಮ್ಮ ಕ್ಯೂಶು ಸೀಮೆಯಲ್ಲಿ ಪಾದರಸ ಎಂಬ ಮಾತನ್ನು ಯಾರೂ ಹಗುರವಾಗಿ ಆಡುವುದಿಲ್ಲ. ಮಿನಾಮಾತದ ಸುದ್ದಿ ಕೇಳಿಕೊಂಡೇ ಬೆಳೆದವರು ನಾವು. ಕಾರ್ಖಾನೆ ಕಡಲಿಗೆ ಬಿಟ್ಟ ಪಾದರಸದ ಮೀನು ತಿಂದು ಅಲ್ಲಿನ ಬೆಕ್ಕುಗಳು ಹುಚ್ಚೆದ್ದು ಸತ್ತದ್ದು, ಆಮೇಲೆ ಮನುಷ್ಯರ ಸರದಿ ಬಂದದ್ದು, ಎಲ್ಲವನ್ನೂ ಅಮ್ಮ ಮೀನು ಹೆಚ್ಚುವಾಗ ಹೇಳುತ್ತಿದ್ದಳು. ಆ ದರಿದ್ರ ನನ್ನ ಗೊಬ್ಬರದೊಳಗೆ ಹೇಗೆ ಬಂತು? ಲೋಡರಿನಿಂದ ಇಳಿಯಲು ಹೋಗಿ ಮೆಟ್ಟಿಲು ತಪ್ಪಿದೆ. ಹಿಮೆನೊ ಹಿಡಿಯದಿದ್ದರೆ ರಾಶಿಯ ಮೇಲೇ ಬೀಳುತ್ತಿದ್ದೆ.

"ಪಟ್ಟಣ ಸಭೆಯವರು ಏನಂತಾರೆ?"

"ಎಲ್ಲಿಂದ ಬರ್ತಿದೆ ಅಂತ ಚಳಿಗಾಲದೊಳಗೆ ಕಂಡುಹಿಡಿದು ನಿಲ್ಲಿಸಿದ್ರೆ ಸರಿ. ಇಲ್ದಿದ್ರೆ ಶೆಡ್ಡಿಗೆ ಬೀಗ. ಕೆಸರು ಮತ್ತೆ ಸುಡೋಕೆ ಹೋಗುತ್ತೆ." ಸ್ವಲ್ಪ ತಡೆದು ಹೇಳಿದ, "ಇನ್ನೊಂದು ಮಾತು. ಪಾದರಸ ಅನ್ನೋ ಹೆಸರು ಹೊರಗೆ ಬಿಡಬೇಡಿ ಅಂದಿದ್ದಾರೆ. ಊರು ಗಾಬರಿಯಾಗುತ್ತೆ. ಏನೋ ಲೋಹ ಸಿಕ್ಕಿದೆ ಅಂತಷ್ಟೇ ಹೇಳಿ."

ಈ ಶೆಡ್ಡು ನನಗೆ ಏನೆಂದು ಹೇಳಿಬಿಡುತ್ತೇನೆ. ಊರಿನ ಕಕ್ಕಸು, ಬಚ್ಚಲಿನ ನೀರೆಲ್ಲ ಪೈಪಿನಲ್ಲಿ ನಮ್ಮಲ್ಲಿಗೆ ಬರುತ್ತದೆ. ಶುದ್ಧವಾದ ನೀರು ಕೊಲ್ಲಿಗೆ ಹೋಗುತ್ತದೆ, ತಳದಲ್ಲಿ ಉಳಿದ ಕೆಸರನ್ನು ಹಿಂಡಿ ನನ್ನ ಶೆಡ್ಡಿಗೆ ಸುರಿಯುತ್ತಾರೆ. ಮೊದಲೆಲ್ಲ ಅದನ್ನು ಪಕ್ಕದ ನಗರಕ್ಕೆ ಸಾಗಿಸಿ ಎಣ್ಣೆ ಹಾಕಿ ಸುಡುತ್ತಿದ್ದರು. ಈಗ ಹಳೆಯ ಗೊಬ್ಬರದ ಜೊತೆ ಬೆರೆಸಿ, ಅಡಿಯಿಂದ ಗಾಳಿ ಊದಿ, ವಾರಕ್ಕೊಮ್ಮೆ ಮಗುಚುತ್ತೇನೆ. ತನ್ನ ಕಾವಿಗೆ ತಾನೇ ಬೆಂದು ಗೊಬ್ಬರವಾಗುತ್ತದೆ. ರಾಶಿಯೊಳಗೆ ಸಿಹಿಗೆಣಸು ಹೂತಿಟ್ಟರೆ ಬೇಯುತ್ತದೆ. ಹೂತಿಟ್ಟಿದ್ದೇನೆ, ತಿಂದಿದ್ದೇನೆ, ಗುಂಡುಕಲ್ಲಿನ ಹಾಗೆ ಇದ್ದೇನೆ. ರೋಗದ ಕ್ರಿಮಿ, ಕಳೆಯ ಬೀಜ ಎಲ್ಲ ಆ ಕಾವಿಗೆ ಸಾಯುತ್ತವೆ. ಲೋಹ ಒಂದು ಸಾಯುವುದಿಲ್ಲ. ಅದು ಬಂದ ಹಾಗೇ ಹೊಲಕ್ಕೆ ಹೋಗುತ್ತದೆ.

ಮೊದಮೊದಲು ಒಂದು ಸಲಿಕೆ ಗೊಬ್ಬರ ಒಯ್ಯುವವರೂ ಇರಲಿಲ್ಲ. ನನ್ನನ್ನು ಕಂಡರೆ ಮೂಗು ಮುಚ್ಚಿಕೊಂಡು "ಹೇಲಿನ ಮಹಾರಾಣಿ ಬಂದ್ಲು" ಎನ್ನುತ್ತಿದ್ದರು. ಅನ್ನಲಿ ಎಂದು ಎದುರಿಗೆ ನಗುತ್ತಿದ್ದೆ, ಮನೆಗೆ ಬಂದು ಪಾತ್ರೆ ಕುಕ್ಕುತ್ತಿದ್ದೆ. ಆಗ ಮೊದಲು ಬಂದವನು ನನ್ನ ಚಿಕ್ಕಪ್ಪ ಗಿಸಾಬುರೊ. ಅಪ್ಪ ಸತ್ತ ಮೇಲೆ ನನ್ನನ್ನು ಸಾಕಿದವನು. ಮನೆಮನೆಯಲ್ಲಿ ಸತ್ತ ಹಿರಿಯರನ್ನು ಕೂರಿಸಿ ಪೂಜಿಸುವ ಮರದ ಮಂಟಪ ಮಾಡುವುದು, ಹಳೆಯದನ್ನು ಬಿಚ್ಚಿ ತೊಳೆದು ಹೊಸದು ಮಾಡುವುದು ಅವನ ಕಸುಬು. ಹಿತ್ತಿಲಿನ ಪಾತಿಗೆ ನನ್ನ ಗೊಬ್ಬರ ಹಾಕಿ ಸೌತೆಕಾಯಿ ಬೆಳೆದ. ರೈತರ ಅಂಗಡಿಯ ಮುಂದೆ ಎಲ್ಲರೂ ನೋಡುವಂತೆ ನಿಂತು, ತೊಳೆಯದೆ ಕರಕರ ತಿಂದ. "ಇದು ನನ್ನ ಮಗಳ ಗೊಬ್ಬರ, ಯಾರಿಗಾದ್ರೂ ಬೇಕಾ?" ಎಂದು ಕೇಳಿದ. ಮಗಳ ಗೊಬ್ಬರ ಎಂದದ್ದಕ್ಕೆ ಜನ ಬಿದ್ದು ಬಿದ್ದು ನಕ್ಕರು. ಅಲ್ಲಿಂದ ಒಬ್ಬೊಬ್ಬರೇ ಬರತೊಡಗಿದರು. ಈಗ ಇಲ್ಲ ಅನ್ನಿಸಿಕೊಂಡು ಹಿಂದಿರುಗುವವರೇ ಹೆಚ್ಚು. ಹೀಗೆ ಕಟ್ಟಿಕೊಂಡದ್ದು ಇದು. ಬೀಗ ಬೀಳುವುದೆಂದರೆ ನನ್ನ ಬಾಳಿಗೇ ಬಿದ್ದ ಹಾಗೆ.

ಮರುದಿನ ಗೇಟಿನಲ್ಲಿ ಮೊದಲು ಸಿಕ್ಕವಳು ಫುಸಾನೊ-ಸಾನ್. ರೈತರ ಸಂಘದ ಮುಖ್ಯಸ್ಥೆ, ನನಗಿಂತ ಹತ್ತು ವರ್ಷ ದೊಡ್ಡವಳು, ಬಾಯಿ ತೆಗೆದರೆ ಕೊಲ್ಲಿಯ ಆಚೆ ದಡಕ್ಕೆ ಕೇಳುತ್ತದೆ.

"ಅಲ್ಲ ಕಣೇ, ಹೋದ ತಿಂಗಳು ಒಯ್ದು ಹಾಕಿದ್ದೀನಲ್ಲ, ಅದರ ಗತಿ ಏನು?"

"ಅದರಲ್ಲಿ ಏನೂ ಇರಲಿಲ್ಲ. ಪ್ರತಿ ತಿಂಗಳೂ ನೋಡೇ ಕೊಡೋದು ನಾವು. ಕೆಟ್ಟಿರೋದು ಈ ರಾಶಿ. ಒಂದು ಹಿಡಿನೂ ಆಚೆ ಹೋಗಿಲ್ಲ."

"ನಿಜ ತಾನೆ?"

"ಬೇಕಾದ್ರೆ ನನ್ನ ಗಂಡನ ಮಂಟಪದ ಮುಂದೆ ಕೂತು ಹೇಳ್ತೀನಿ."

"ನಿನ್ನ ಗಂಡನ ಮಂಟಪ ಎಲ್ಲಿದೆ ಈಗ? ತೊಳೆಯೋಕೆ ಹೋಗಿಲ್ವಾ? ಪಾಪ, ಅವನು ಕಿತ್ತಳೆ ಡಬ್ಬದಲ್ಲಿ ಕೂತಿದ್ದಾನೆ." ನಗುತ್ತಲೇ ಟ್ರಕ್ಕು ತಿರುಗಿಸಿದವಳು ಕಿಟಕಿಯಿಂದ ತಲೆ ಹಾಕಿದಳು. "ಯಾರು ಮಾಡಿದ್ದು ಅಂತ ಗೊತ್ತಾಗ್ಲಿ. ಆ ಗೊಬ್ಬರಾನೇ ಬಟ್ಟಲಿಗೆ ಹಾಕಿ ತಿನ್ನಿಸ್ತೀನಿ."

ಕಿತ್ತಳೆ ಡಬ್ಬದ ಮಾತು ಸುಳ್ಳಲ್ಲ. ಆ ವರ್ಷ ನಮ್ಮೂರಿನಲ್ಲಿ ಸತ್ತವರೆಲ್ಲ ಡಬ್ಬದಲ್ಲೇ ಇದ್ದರು. ಹಿರಿಯರನ್ನು ನೆನೆಯುವ ವಸಂತದ ಹಿಗಾನ್ ಹಬ್ಬಕ್ಕೆ ಊರಿನ ಮಠದ ಹೊಸ ಚಾವಡಿ ತೆರೆಯುವುದಿತ್ತು. ಮಠ ಥಳಥಳ ಹೊಳೆಯುವಾಗ ಮನೆಯ ಹಿರಿಯರು ಹೊಗೆ ಹಿಡಿದ ಮಂಟಪದಲ್ಲಿ ಕೂತಿದ್ದರೆ ಮರ್ಯಾದೆಯೇ? ಒಬ್ಬರು ತೊಳೆಯಲು ಕೊಟ್ಟರು, ಅವರನ್ನು ನೋಡಿ ಪಕ್ಕದವರು ಕೊಟ್ಟರು, ಕೊನೆಗೆ ಕೊಡದವರ ಮನೆಯೇ ಉಳಿಯಲಿಲ್ಲ. ಹಿರಿಯರ ಹೆಸರಿನ ಫಲಕಗಳನ್ನು ಕಿತ್ತಳೆ ಹಣ್ಣಿನ ಖಾಲಿ ಡಬ್ಬದೊಳಗೆ ಬಿಳಿ ಬಟ್ಟೆ ಹಾಸಿ ಇಟ್ಟು, ಬೆಳಗಿನ ಮೊದಲ ತುತ್ತು ಅನ್ನವನ್ನು ಅಲ್ಲಿಗೇ ಇಡುತ್ತಿದ್ದೆವು. ಅಷ್ಟೂ ಮಂಟಪ ಹೋಗಿ ಕೂತದ್ದು ಚಿಕ್ಕಪ್ಪನ ಮನೆಗೇ ಅಂಟಿದ ಕಾರ್ಖಾನೆಯಲ್ಲಿ. ಆ ಕೆಲಸ ಬಲ್ಲವನು ಸುತ್ತಲಲ್ಲಿ ಅವನೊಬ್ಬನೇ ಉಳಿದಿದ್ದ. ಅದೂ ಎಲ್ಲರಿಗೂ ಬೇಕಾದದ್ದು ಬೆಂಕಿ ಚಿನ್ನ. ಮಂಟಪದ ಬಾಗಿಲಿನ ಹಿತ್ತಾಳೆ ಹೂ, ಮೂಲೆಪಟ್ಟಿಗಳಿಗೆ ಕರೆಂಟಿನಲ್ಲಿ ಚಿನ್ನದ ನೀರು ಹಾಕಿದರೆ ನಾಲ್ಕು ವರ್ಷಕ್ಕೆ ಮಾಸುತ್ತದೆ, ಬೆಂಕಿಯಲ್ಲಿ ಹಾಕಿದ್ದು ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ ಎಂಬುದು ನಮ್ಮವರ ನಂಬಿಕೆ. ಅದನ್ನು ಹೇಗೆ ಹಾಕುತ್ತಾರೆಂದು ಅವನ ಮನೆಯಲ್ಲೇ ಬೆಳೆದ ನನಗೂ ಗೊತ್ತಿರಲಿಲ್ಲ. ಅದು ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಾಡುವ ಕೆಲಸ. ಗುರು ಶಿಷ್ಯನಿಗೆ ಹೇಳಬೇಕು, ಬೇರೆಯವರು ಇಣುಕಬಾರದು.

ಏನೋ ಲೋಹವಂತೆ ಎಂಬ ಸುದ್ದಿ ಊರಿನಲ್ಲಿ ಓಡಾಡಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಲೋಹ ಅಂದರೆ ಹಲ್ಲಿನ ಡಾಕ್ಟರೇ ಇರಬೇಕು, ಹಲ್ಲಿಗೆ ಲೋಹ ತುಂಬುವವನು ಅವನಲ್ಲವೇ ಎಂದರು. ಪಾಪದ ಮನುಷ್ಯ, ಅವನ ಬಾಗಿಲಿಗೆ ಯಾರೂ ಹೋಗದಾದರು. ಫುಸಾನೊ-ಸಾನ್ ಊದಿದ ಕೆನ್ನೆಗೆ ಬಟ್ಟೆ ಕಟ್ಟಿಕೊಂಡು ಓಡಾಡಿದಳೇ ಹೊರತು ಡಾಕ್ಟರ ಹತ್ತಿರ ಹೋಗಲಿಲ್ಲ. ಹಿಮೆನೊ ಮತ್ತು ನಾನು ಮೊದಲು ಅವನ ಪೈಪನ್ನೇ ನೋಡಿದೆವು. ಕನ್ನಡಿಯಷ್ಟು ಸ್ವಚ್ಛವಾಗಿತ್ತು.

ಹುಡುಕುವ ಉಪಾಯ ಹಿಮೆನೊನದು. ಪೈಪಿನ ಒಳಗೋಡೆಗೆ ಲೋಳೆ ಕಟ್ಟಿರುತ್ತದೆ. ನೀರು ಹರಿದು ಹೋದರೂ ಲೋಳೆ ತಾನು ಹೀರಿದ್ದನ್ನು ಬಿಡುವುದಿಲ್ಲ. ಎರಡು ಪೈಪು ಕೂಡುವ ಕಡೆ ಮ್ಯಾನ್‌ಹೋಲ್ ತೆರೆದು ಎರಡರ ಲೋಳೆಯನ್ನೂ ಕೆರೆದು ಪರೀಕ್ಷೆಗೆ ಕಳಿಸುವುದು. ಯಾವುದರಲ್ಲಿ ವಿಷವಿದೆಯೋ ಆ ದಾರಿ ಹಿಡಿದು ಮೇಲಕ್ಕೆ ಹೋಗುವುದು. ಅಲ್ಲಿ ಮತ್ತೆ ಕವಲು, ಮತ್ತೆ ಕೆರೆಯುವುದು, ಮತ್ತೆ ಕಾಯುವುದು. ಕಾಯುವ ಕೆಲಸ ನನ್ನ ಸ್ವಭಾವಕ್ಕೆ ಆಗಿಬರುವುದಿಲ್ಲ. ಲ್ಯಾಬಿನವರಿಗೆ ಫೋನಿನಲ್ಲಿ ಬಾಯಿಗೆ ಬಂದಂತೆ ಅಂದೆ; ಆಮೇಲೆ ಹಿಮೆನೊ ಅವರಿಗೆ ಕ್ಷಮೆ ಕೇಳಿದ.

ಮೀನುಪೇಟೆ ಅಲ್ಲ ಎಂದಾಯಿತು. ಶಾಲೆ ಅಲ್ಲ, ಆಸ್ಪತ್ರೆಯೂ ಅಲ್ಲ ಎಂದಾಯಿತು. ದಾರಿ ಮಠದ ಹಿಂದಿನ ಬೀದಿಗೆ ತಿರುಗಿತು. ಒಂದು ದಿನ ನಾನು ಅಲ್ಲಿನ ಮ್ಯಾನ್‌ಹೋಲಿನೊಳಗೆ ಸೊಂಟದವರೆಗೆ ಇಳಿದಿದ್ದಾಗ ಮೇಲಿನಿಂದ ಚಿಕ್ಕಪ್ಪನ ದನಿ ಕೇಳಿತು.

"ಏನೇ, ಗಂಡನ್ನ ಇಲ್ಲಿ ಹುಡುಕ್ತಿದ್ದೀಯಾ? ಅವನನ್ನ ಮಠದ ಹಿಂದೆ ಹೂತಿದ್ದು."

"ನಗಬೇಡ ಚಿಕ್ಕಪ್ಪಾ. ಸಿಗದೆ ಹೋದ್ರೆ ಶೆಡ್ಡು ಹೋಯ್ತು."

ಅವನ ಮುಖದ ನಗು ಹೋಯಿತು. ರಸ್ತೆಯ ಮೇಲೆ ಕುಕ್ಕರುಗಾಲಲ್ಲಿ ಕೂತು, ಬಗ್ಗಿ ಹೇಳಿದ, "ಬಿಡಬೇಡ ಕಣೇ. ಯಾವನಾದ್ರೂ ಆಗಿರ್ಲಿ, ಊರಿನ ಮುಂದೆ ನಿಲ್ಲಿಸು. ನಾನೇ ಮೊದಲು ಉಗೀತೀನಿ." ಒಂದು ಅಕ್ಕಿಯುಂಡೆಯನ್ನು ಎಲೆಯಲ್ಲಿ ಸುತ್ತಿ ಮ್ಯಾನ್‌ಹೋಲಿನ ಅಂಚಿನಲ್ಲಿಟ್ಟು ಹೋದ. ಆ ಬೀದಿಯ ಕೊನೆಯಲ್ಲಿ ಪೈಪು ಮತ್ತೆ ಎರಡಾಗುತ್ತದೆ. ಬಲಗಡೆಯದು ಮಠಕ್ಕೂ ನಾಲ್ಕಾರು ಮನೆಗಳಿಗೂ ಹೋಗುತ್ತದೆ. ಎಡಗಡೆಯದು ಹೊಸದು, ಎರಡು ವರ್ಷದ ಹಿಂದೆ ಹಾಕಿದ್ದು, ಅದರ ತುದಿಗೆ ಒಂದೇ ಮನೆ.

ಲೋಳೆ ಕಳಿಸಿ ವಾರವಾಗಿತ್ತು. ಹಿಮೆನೊ ಶೆಡ್ಡಿನ ಬಾಗಿಲಲ್ಲಿ ನಿಂತ, ಒಳಗೆ ಬರಲಿಲ್ಲ.

"ಎಡಗಡೆಯದು," ಎಂದ.

"ತಪ್ಪಿರಬೇಕು. ನಾನು ಕೆರೆಯುವಾಗ ಡಬ್ಬಿ ಅದಲುಬದಲಾಗಿದೆ."

"ಬಲಗಡೆದರಲ್ಲಿ ಒಂದು ಚೂರೂ ಇಲ್ಲ. ಎಡಗಡೆದರಲ್ಲಿ... ಇಷ್ಟು ನಾನು ಎಲ್ಲೂ ನೋಡಿಲ್ಲ, ಚಿತೋಸೆ-ಸಾನ್."

ಆ ಪೈಪಿನ ತುದಿಯ ಒಂದೇ ಮನೆ ನನ್ನ ಚಿಕ್ಕಪ್ಪನದು. ಕೈಯಲ್ಲಿದ್ದ ಸಲಿಕೆ ಎಲ್ಲಿಟ್ಟೆನೋ ನೆನಪಿಲ್ಲ. ದಾರಿಯುದ್ದಕ್ಕೂ ಹಿಮೆನೊನ ಮೇಲೆ ರೇಗಿದೆ. ಅವನು ಒಂದು ಮಾತೂ ಎದುರಾಡದೆ ಗಾಡಿ ಓಡಿಸಿದ.

ಚಿಕ್ಕಪ್ಪ ಕಾರ್ಖಾನೆಯ ಚಾಪೆಯ ಮೇಲೆ ಕೂತು ಫುಸಾನೊ-ಸಾನ್ ಮನೆಯ ಮಂಟಪದ ಬಾಗಿಲು ಒರೆಸುತ್ತಿದ್ದ. ಹೊಸ ಚಿನ್ನ ಕಣ್ಣು ಕೋರೈಸುತ್ತಿತ್ತು. ಪಕ್ಕದಲ್ಲಿ ನನ್ನ ಗಂಡನ ಮಂಟಪ, ಇನ್ನೂ ತೊಳೆಯದೆ, ಬಿಚ್ಚಿದ ಹಲಗೆಗಳಾಗಿ ಒರಗಿತ್ತು.

"ಚಿಕ್ಕಪ್ಪಾ, ಬೆಂಕಿ ಚಿನ್ನಕ್ಕೆ ಏನು ಹಾಕ್ತೀಯ?"

"ನಿನ್ನ ಚಿಕ್ಕಮ್ಮ ಸಾಯೋವರೆಗೂ ಕೇಳಿದ್ಲು, ಅವಳಿಗೇ ಹೇಳಲಿಲ್ಲ. ನಿನಗೆ ಹೇಳ್ತೀನಾ?"

"ಪಾದರಸ ಹಾಕ್ತೀಯಾ?"

ಅವನು ಹುಬ್ಬೇರಿಸಿ ನನ್ನನ್ನೇ ನೋಡಿ ನಕ್ಕ. "ಕಳ್ಳಿ, ಚಿಕ್ಕವಳಿದ್ದಾಗ ಇಣುಕಿದ್ದೀಯ. ಹಾಕದೆ ಮತ್ತೆ? ಚಿನ್ನ ತಾನಾಗಿ ಹೋಗಿ ಹಿತ್ತಾಳೆಗೆ ಅಂಟ್ಕೊಳ್ತದಾ? ಹೆಣ್ಣು ಗಂಡು ಕೂಡಿಸೋಕೆ ನಡುವೆ ಒಬ್ಬ ದಲ್ಲಾಳಿ ಬೇಡ್ವಾ? ಚಿನ್ನಾನ ಪಾದರಸದಲ್ಲಿ ಕರಗಿಸಿ ಬೆಣ್ಣೆ ಹಾಗೆ ಸವರೋದು, ಕೆಂಡದ ಮೇಲೆ ಹಿಡಿಯೋದು. ದಲ್ಲಾಳಿ ಹೊಗೆಯಾಗಿ ಹೋಗ್ತಾನೆ, ಚಿನ್ನ ಕೂತ್ಕೊಳ್ತದೆ."

"ಆಮೇಲೆ ತೊಳೆದ ನೀರು?"

"ನಮ್ಮ ಗುರುಗಳ ಕಾಲದಿಂದ ನೆಲದಡಿ ಒಂದು ಹಂಡೆ ಇದೆ. ಅದರಲ್ಲಿ ಬಿಟ್ರೆ ಆರಿ ಹೋಗ್ತಿತ್ತು. ವರ್ಷಕ್ಕೊಂದು ಮಂಟಪ ಬಂದ್ರೆ ಹೆಚ್ಚು ಆಗ. ಈ ವರ್ಷ ಊರಿಗೆ ಊರೇ ಬಂತಲ್ಲ, ಹಂಡೆ ತುಂಬಿ ಹರೀತು. ಕೊಲ್ಲಿಗೆ ಚೆಲ್ಲೋಕೆ ಮನಸ್ಸು ಬರಲಿಲ್ಲ. ಮಿನಾಮಾತದವರನ್ನ ನಾನೂ ಕಣ್ಣಾರೆ ಕಂಡವನು. ನಿನ್ನ ಪೈಪು ಬಾಗಿಲಿಗೇ ಬಂದಿತ್ತು. ಅದರ ಕೊನೇಲಿ ಚಿತೋಸೆ ಇದ್ದಾಳೆ, ಹೇಲನ್ನೇ ಶುದ್ಧ ಮಾಡೋಳು, ಇದು ಯಾವ ಮಹಾ ಅಂತ..."

ಅಲ್ಲಿಗೆ ಮಾತು ನಿಂತಿತು. ನನ್ನ ಮುಖ ನೋಡಿದ, ಹಿಮೆನೊನ ಮುಖ ನೋಡಿದ. ಒರೆಸುವ ಬಟ್ಟೆ ಕೆಳಗೆ ಬಿತ್ತು.

"ಲೋಹ ಅಂದ್ರಲ್ಲೇ ನೀವು," ಎಂದ. "ಲೋಹ ಅಂದ್ರೆ ಸೀಸವೋ ತವರವೋ ಅಂದ್ಕೊಂಡೆ. ಪಾದರಸ ಅಂತ ಒಂದು ಮಾತು ಹೇಳಿದ್ರೆ ಅವತ್ತೇ ಓಡಿ ಬರ್ತಿರಲಿಲ್ವಾ?"

ಬರುತ್ತಿದ್ದ. ನಿಜವಾಗಿ ಬರುತ್ತಿದ್ದ. ಊರು ಗಾಬರಿಯಾದೀತೆಂದು ಒಂದು ಹೆಸರನ್ನು ಬಾಯಲ್ಲಿ ಮುಚ್ಚಿಟ್ಟುಕೊಂಡು, ಹಂಡೆಯ ನೀರು ಇನ್ನಷ್ಟು ಹರಿಯಲು ಬಿಟ್ಟಿದ್ದೆವು. ಬಂದವರಿಗೆ ಚಹಾ ಕೊಡಬೇಕೆಂಬುದು ಅವನಿಗೆ ನೆನಪಾಯಿತೇನೋ, ಕೆಟಲು ಎತ್ತಿದ. ಕೆಟಲಿನ ಮೂತಿ ಬಟ್ಟಲಿಗೆ ತಗುಲಿ ಟಕಟಕ ಬಡಿಯಿತು, ಚಹಾ ಚಾಪೆಯ ಮೇಲೆಲ್ಲ ಚೆಲ್ಲಿತು. ಗಾಬರಿಗೆ ಕೈ ಎಂದಿಗಿಂತ ಹೆಚ್ಚು ನಡುಗಿತು ಎಂದುಕೊಂಡೆ. ಹಿಮೆನೊ ಹಾಗಂದುಕೊಳ್ಳಲಿಲ್ಲ.

"ಅಜ್ಜಾ, ಕೈ ಎಷ್ಟು ದಿನದಿಂದ ಹೀಗೆ?"

"ಇದು ಶೋಚು ಕುಡಿದ ಕೈ ಕಣಪ್ಪ. ಬಿಟ್ರೆ ನಿಲ್ತದೆ ಅಂತ ಕುಡಿಯೋದು ಬಿಟ್ಟು ಎರಡು ವರ್ಷ ಆಯ್ತು. ನಿಲ್ಲಲಿಲ್ಲ."

"ಆ ಹೊಗೆ... ಕಿಟಕಿ ತೆಗೆದಿಟ್ಟೇ ಮಾಡ್ತೀರಿ ತಾನೆ?"

"ಕಿಟಕಿ ತೆಗೆದ್ರೆ ಕೆಂಡ ಒಂದೇ ಸಮ ಇರೋದಿಲ್ಲ. ಎಲ್ಲಾ ಮುಚ್ಕೊಂಡೇ ಮಾಡೋದು."

ಹಿಮೆನೊ ಎದ್ದು ಹೋಗಿ ಎಲ್ಲ ಕಿಟಕಿ ತೆರೆದು, "ಈಗಲೇ ಆಸ್ಪತ್ರೆಗೆ ಹೋಗಬೇಕು, ಇದೇ ಗಾಡೀಲಿ," ಎಂದಾಗ ನನಗೆ ಅರ್ಥವಾಯಿತು. ಹೊರಗೆ ಹೋಗಿ ಗೋಡೆ ಹಿಡಿದು ನಿಂತೆ. ಗೊಬ್ಬರಕ್ಕೆ ಒಂದು ತಿಂಗಳು ಸೋಕಿದ್ದಕ್ಕೆ ನಾನು ಊರಿನ ಚರಂಡಿಯನ್ನೆಲ್ಲ ಕೆರೆದಿದ್ದೆ. ಈ ಮನುಷ್ಯ ಅದನ್ನು ಆಯುಷ್ಯವಿಡೀ ಉಸಿರಾಡಿದ್ದ, ನಾನು ಅದೇ ಗೋಡೆಯ ಈಚೆ ಅನ್ನ ಉಂಡು ಬೆಳೆದಿದ್ದೆ. ಅವನ ಕೈ ನೋಡಿ ಊರೆಲ್ಲ ಕುಡುಕ ಅಂದಿತ್ತು. ನಾನೂ ಅಂದಿದ್ದೆ.

ರೈತರ ಸಭೆಯನ್ನು ಶೆಡ್ಡಿನ ಮಾಳಿಗೆಯಲ್ಲಿ ಕರೆದರು. ಹೆಸರು ಹೇಳಲೇಬೇಕಿತ್ತು, ಹೇಳದಿದ್ದರೆ ನಂಬಿಕೆ ಇಲ್ಲ, ನಂಬಿಕೆ ಇಲ್ಲದಿದ್ದರೆ ಶೆಡ್ಡಿಲ್ಲ. ನಾನು ಎಲ್ಲರೆದುರು ನಿಂತಿದ್ದೆ. ಮುಂದಿನ ಸಾಲಿನಲ್ಲಿ ಫುಸಾನೊ-ಸಾನ್ ತೋಳು ಕಟ್ಟಿ ಕೂತಿದ್ದಳು.

"ಹೇಳೇ, ಯಾವನು? ಯಾಕೆ ಗುಮ್ಮನ ಹಾಗೆ ನಿಂತಿದ್ದೀಯ?"

"ನಾನು ಕಣಮ್ಮ," ಎಂದಿತು ಹಿಂದಿನಿಂದ ಒಂದು ದನಿ. ಚಿಕ್ಕಪ್ಪ ಆಸ್ಪತ್ರೆಯವರ ಕಣ್ಣು ತಪ್ಪಿಸಿ ಬಂದಿದ್ದ. ಕಾಲಲ್ಲಿ ವಾರ್ಡಿನ ಚಪ್ಪಲಿಯೇ ಇತ್ತು. ನಡುವಿನ ದಾರಿಯಲ್ಲಿ ಮುಂದೆ ಬಂದು, ಮಂಡಿಯೂರಿ, ಹಣೆ ನೆಲಕ್ಕೆ ಮುಟ್ಟಿಸಿ ಕೂತ. "ಮಂಟಪ ತೊಳೆದ ನೀರು ಈ ಹುಡುಗಿಯ ಪೈಪಿಗೆ ಬಿಟ್ಟೆ. ಅದರಲ್ಲಿ ಪಾದರಸ ಇತ್ತು. ಇವಳಿಗೆ ಗೊತ್ತಿರಲಿಲ್ಲ. ಶೆಡ್ಡು ಮುಚ್ಚಬೇಡಿ. ನಾನು ಕೆಲಸ ಮುಚ್ತೀನಿ. ಇವತ್ತೇ."

ನೆಲಕ್ಕೂರಿದ ಅವನ ಎರಡೂ ಕೈ ಹಲಗೆಯ ಮೇಲೆ ನಡುಗುತ್ತಿದ್ದವು. ಅಲ್ಲಿದ್ದ ಪ್ರತಿಯೊಬ್ಬರೂ ಅವನ ಮನೆಗೆ ಹೋಗಿ, ಕರೆಂಟಿನದು ಬೇಡ, ನಮ್ಮಜ್ಜಿ ಕಾಲದ ಹಾಗೆ ಬೆಂಕಿ ಚಿನ್ನವೇ ಆಗಬೇಕು ಎಂದು ಹಟ ಹಿಡಿದವರೇ. ಯಾರೊಬ್ಬರೂ ಅವನನ್ನು ಬೈಯಲಿಲ್ಲ; ಬೈದಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಫುಸಾನೊ-ಸಾನ್ ದನಿ ಮೊದಲ ಬಾರಿಗೆ ಇಳಿದಿತ್ತು. "ಎಂಜಿನಿಯರ್ರೇ, ನಮ್ಮ ಮಂಟಪಕ್ಕೆ ಚಿನ್ನ ಹಾಕಿ ಆಗಿದೆ. ಅದರಲ್ಲೂ ವಿಷ ಇದೆಯಾ?"

"ಇಲ್ಲಮ್ಮ. ಅದರ ಮೇಲಿರೋದು ಬರೀ ಚಿನ್ನ. ವಿಷ ಎಲ್ಲಾ ಮೊದಲೇ ಬಿಟ್ಟುಹೋಗಿದೆ."

"ಬಿಟ್ಟು ಎಲ್ಲಿಗೆ ಹೋಯ್ತು?"

ಹಿಮೆನೊ ಚಿಕ್ಕಪ್ಪನ ಕಡೆ ನೋಡಿದ. ಅವಳು ಎದ್ದು ಬಂದು ಅವನ ತೋಳಿಗೆ ಕೈ ಹಾಕಿ ಎಬ್ಬಿಸಿದಳು. "ಏಳಿ ಗಿಸಾಬುರೊ-ಸಾನ್, ನೆಲ ತಣ್ಣಗಿದೆ," ಎಂದಳು. ಅಷ್ಟೇ ಅಂದದ್ದು.

ಕೆಟ್ಟ ರಾಶಿಯನ್ನು ಮುಚ್ಚಿದ ಲಾರಿಗಳಲ್ಲಿ ತುಂಬಿ, ವಿಷದ ಕಸ ಇಡುವ ಕಡೆಗೆ ಸಾಗಿಸಿದರು. ಹಂಡೆಯನ್ನು ಅಗೆದು ತೆಗೆದರು. ಬೀದಿಯ ಪೈಪನ್ನೆಲ್ಲ ಲೋಳೆ ಹೋಗುವಂತೆ ತೊಳೆದು, ಆ ನೀರನ್ನೂ ಹಿಡಿದು ಬೇರೆ ಕಳಿಸಿದರು. ಅರ್ಧಕ್ಕೆ ನಿಂತ ಮಂಟಪಗಳನ್ನು ಜನ ಇದ್ದ ಸ್ಥಿತಿಯಲ್ಲೇ ಮನೆಗೆ ಒಯ್ದರು. ಹಿಗಾನ್ ಹಬ್ಬಕ್ಕೆ ಮಠದ ಚಾವಡಿ ತೆರೆದಾಗ ಊರಿನ ಅರ್ಧ ಹಿರಿಯರು ಚಿನ್ನದಲ್ಲಿಯೂ ಅರ್ಧ ಹಿರಿಯರು ಹೊಗೆಯಲ್ಲಿಯೂ ಇದ್ದರು.

ಹೊಸ ರಾಶಿಯ ಪರೀಕ್ಷೆಯ ವರದಿ ಬಂದ ದಿನ ನಾನು ಕೆಲಸದ ಬಟ್ಟೆಯಲ್ಲೇ ಆಸ್ಪತ್ರೆಗೆ ಓಡಿದೆ. ಚಿಕ್ಕಪ್ಪ ಕಿಟಕಿಯ ಪಕ್ಕದ ಮಂಚದಲ್ಲಿ ಒರಗಿ ಕೂತಿದ್ದ. ನರ್ಸ್ ಅವನಿಗೆ ಗಂಜಿ ಕುಡಿಸುತ್ತಿದ್ದಳು; ಅವನ ಕೈಯಲ್ಲಿ ಚಮಚ ನಿಲ್ಲುತ್ತಿರಲಿಲ್ಲ.

"ಗೊಬ್ಬರದ್ದು ಬಂತಾ?" ಎಂದ, ನಾನು ಕೂರುವ ಮೊದಲೇ.

"ಬಂತು. ಏನೂ ಇಲ್ಲ. ಶುದ್ಧವಾಗಿದೆ. ನಾಳೆಯಿಂದ ಕೊಡಬಹುದಂತೆ."

"ಹಂಗಾದ್ರೆ ಶೆಡ್ಡು ಉಳೀತು."

"ಉಳೀತು ಚಿಕ್ಕಪ್ಪಾ."

ಅವನು ಕಣ್ಣು ಮುಚ್ಚಿ ದೊಡ್ಡ ಉಸಿರು ಬಿಟ್ಟ. "ನನ್ನದು?"

ಅವನದೂ ಅವತ್ತೇ ಬಂದಿತ್ತು. ನಾನು ಒಳಗೆ ಬರುವ ಮೊದಲೇ ಡಾಕ್ಟರು ಹೊರಗೆ ತಡೆದು ಹೇಳಿದ್ದರು: ರಕ್ತದಲ್ಲಿರುವುದನ್ನು ಔಷಧಿಯಿಂದ ತೆಗೆಯುತ್ತಿದ್ದೇವೆ, ತಲೆಗೂ ಮೂತ್ರಪಿಂಡಕ್ಕೂ ಆಗಿರುವುದನ್ನು ಹಿಂದಕ್ಕೆ ತರುವ ಔಷಧಿ ನಮ್ಮಲ್ಲಿಲ್ಲ. ಒಂದು ಹೆಸರನ್ನು ಮುಚ್ಚಿಟ್ಟು ಏನಾಯಿತೆಂದು ನೋಡಿಯಾಗಿತ್ತು. ಇನ್ನೊಂದನ್ನು ಮುಚ್ಚಿಡಲು ನನ್ನಿಂದಾಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅವನು ನನ್ನ ಬಟ್ಟೆಗೆ ಅಂಟಿದ್ದ ಗೊಬ್ಬರವನ್ನು ನೋಡಿ ತುಟಿಯಂಚಿನಲ್ಲಿ ನಕ್ಕ.

"ನಾನೂ ಗೊಬ್ಬರ ಆಗಿದ್ದಿದ್ರೆ ಮೊದಲನೇ ತಿಂಗಳ ಪರೀಕ್ಷೇಲೇ ಸಿಕ್ಕಿಬೀಳ್ತಿದ್ದೆ, ಅಲ್ವೇನೇ?"

ನನ್ನನ್ನು ನಗಿಸಲೆಂದೇ ಹೇಳಿದ್ದ. ನರ್ಸ್ ನಕ್ಕಳು. ನನ್ನಿಂದ ಆಗಲಿಲ್ಲ.